ಹೊಸ್ತಿಲಿನಿಂದ ಅಟ್ಟದವರೆಗೆ

ಮನೆಯನ್ನು ಚೆಂದಗಾಣಿಸುವುದು ಒಂದು ಕೆಲಸ, ಓರಣವಾಗಿಡುವುದು ಇನ್ನೊಂದು ಕೆಲಸ ಎಂಬ ವಿಂಗಡಣೆ ಕನ್ನಡ ನಾಡಿನ ಹಳೆಯ ಮನೆಗಳಲ್ಲಿ ಅಷ್ಟಾಗಿ ಇರಲಿಲ್ಲ. ಬೆಕ್ಕಿನ ಬಾಯಿಂದ ಮೊಸರಿನ ಗಡಿಗೆಯನ್ನು ಉಳಿಸಲು ಹೆಣೆದ ನೆಲವಿಗೇ ಕುಚ್ಚು ಬಂತು. ಉಟ್ಟು ಹಳತಾದ ಸೀರೆಗಳಿಗೊಂದು ಗತಿ ಕಾಣಿಸಲು ಹೊಲಿದ ಕೌದಿಯಲ್ಲೇ ಬಣ್ಣಗಳ ಹೊಂದಾಣಿಕೆ ನಡೆಯಿತು. ಬುಟ್ಟಿಯ ಸಂದು ಮುಚ್ಚಲು ಬಳಿದ ಸಗಣಿ, ಕೆಮ್ಮಣ್ಣಿನ ಮೇಲೇ ಬಿಳಿಯ ಗೆರೆಗಳು ಮೂಡಿದವು. ವಸ್ತು ಮೊದಲು ಮನೆಯ ಒಂದು ತೊಂದರೆಯನ್ನು ನೀಗಬೇಕು, ಚೆಂದ ಆಮೇಲೆ ಅದರ ಅಂಚಿಗೋ ಗಂಟಿಗೋ ಬಂದು ಕೂರಬೇಕು. ಕೈಯಿಂದ ಮಾಡಿದ ಮನೆಸಾಮಾನಿನಲ್ಲಿ ಈ ಕ್ರಮ ತಿರುವುಮುರುವಾದಾಗಲೆಲ್ಲ ಮನೆಗೆ ಸೇರುವುದು ಧೂಳು ಒರೆಸಬೇಕಾದ ಇನ್ನೊಂದು ಸಾಮಾನು ಮಾತ್ರ.

ಕೆಲಸ ಶುರುವಾಗುವುದು ಬಾಗಿಲಿನಿಂದ. ಮಾವಿನ ತೋರಣಕ್ಕೆ ಬೇಕಾಗುವುದು ಬಾಳೆಯ ನಾರು ಅಥವಾ ಹುರಿ, ತೀರಾ ಎಳತೂ ಅಲ್ಲದ ತೀರಾ ಬಲಿತದ್ದೂ ಅಲ್ಲದ ಎಲೆ, ಹಿಡಿಕಡ್ಡಿಯ ನಾಲ್ಕು ಚೂರು. ಎಲೆಯನ್ನು ಹುರಿಯ ಮೇಲೆ ಮಡಿಸಿ ಕಡ್ಡಿಯಿಂದ ಚುಚ್ಚಿದರೆ ಮುಗಿಯಿತು. ಎಳೆಯ ಎಲೆ ಸಂಜೆಯೊಳಗೆ ಜೋಲುತ್ತದೆ, ಬಲಿತದ್ದು ಮಡಿಕೆಯಲ್ಲೇ ಸೀಳುತ್ತದೆ. ಮಲೆನಾಡಿನಲ್ಲಿ ಇದೇ ಜಾಗಕ್ಕೆ ಬತ್ತದ ತೆನೆಯ ತೋರಣ ಬರುತ್ತದೆ. ಕಾಳು ಸಹಿತ ಹುಲ್ಲನ್ನು ಹೆಣೆದು, ತೆನೆಗಳು ಕೆಳಗೆ ಜೋತುಬೀಳುವಂತೆ ಕಟ್ಟಿದ ಈ ತೋರಣ ಬಾಗಿಲ ಮೇಲೆ ಬಹಳ ಕಾಲ ಇರುತ್ತದೆ. ಗುಬ್ಬಿಗಳು ಬಂದು ಕಾಳು ಹೆಕ್ಕಿಕೊಂಡು ಹೋಗುವುದನ್ನು ಯಾರೂ ನಷ್ಟವೆಂದು ಬಗೆಯುವುದಿಲ್ಲ. ಪ್ಲಾಸ್ಟಿಕ್ಕಿನ ಮಾವಿನೆಲೆ ಈಗ ಎಲ್ಲ ಸಂತೆಯಲ್ಲೂ ಸಿಗುತ್ತದೆ. ಅದು ಬಾಡುವುದಿಲ್ಲ ಎಂಬುದೇ ಅದರ ದೋಷ: ಬಾಡದ್ದನ್ನು ತೆಗೆಯುವ ನೆನಪು ಯಾರಿಗೂ ಆಗುವುದಿಲ್ಲ, ಯುಗಾದಿಗೆ ಕಟ್ಟಿದ್ದು ದೀಪಾವಳಿಯ ಹೊತ್ತಿಗೆ ಬೂದು ಬಣ್ಣಕ್ಕೆ ತಿರುಗಿ ಅಲ್ಲೇ ಇರುತ್ತದೆ.

ಹೊಸ್ತಿಲ ಮುಂದಿನ ರಂಗೋಲಿಯದು ಲೆಕ್ಕದ ಕೆಲಸ. ನೇರ ಚುಕ್ಕಿ, ಸಂದು ಚುಕ್ಕಿ ಎಂದು ಎರಡು ಬಗೆ. ಸಂದು ಚುಕ್ಕಿಯಲ್ಲಿ ಪ್ರತಿ ಸಾಲಿನ ಚುಕ್ಕಿ ಹಿಂದಿನ ಸಾಲಿನ ಎರಡು ಚುಕ್ಕಿಗಳ ನಡುವಿನ ತೆರಪಿಗೆ ಬರುತ್ತದೆ. ನಡುವಿನ ಸಾಲಿಗೆ 7 ಇಟ್ಟು ಎರಡೂ ಕಡೆ 4ರವರೆಗೆ ಇಳಿಸಿದರೆ ಒಟ್ಟು 37 ಚುಕ್ಕಿಗಳ ಷಟ್ಕೋನವಾಗುತ್ತದೆ. 15ರಿಂದ 8ಕ್ಕೆ ಇಳಿಸಿದರೆ 169. ಹಳೆಯ ನೋಟ್‌ಬುಕ್ಕುಗಳಲ್ಲಿ ಹೆಣ್ಣುಮಕ್ಕಳು ಬರೆದಿಟ್ಟುಕೊಂಡದ್ದು ಇಷ್ಟೇ, '15ರಿಂದ 8, ಸಂದು ಚುಕ್ಕಿ' ಎಂಬ ಒಂದು ಸಾಲು ಮತ್ತು ಪಕ್ಕದಲ್ಲೊಂದು ಪುಟ್ಟ ಚಿತ್ರ. ಅಪಾರ್ಟ್‌ಮೆಂಟಿನ ಬಾಗಿಲ ಮುಂದೆ ಎರಡಡಿ ಜಾಗವಷ್ಟೇ ಇರುವುದರಿಂದ ಅಲ್ಲಿಗೆ 37 ಚುಕ್ಕಿಯದು ಹೇಳಿ ಮಾಡಿಸಿದ ಅಳತೆ. ಅಂಟಿಸುವ ರಂಗೋಲಿಯ ಬಗ್ಗೆ ಹೆಚ್ಚು ಹೇಳಬೇಕಾದದ್ದಿಲ್ಲ. ಒಂದು ಮೂಲೆ ಎದ್ದರೆ ಅದು ಇರುವುದಕ್ಕಿಂತ ಇಲ್ಲದಿರುವುದೇ ವಾಸಿ.

ಬಾಗಿಲಿಗೆ ಸಂಬಂಧಿಸಿದ ಇನ್ನೊಂದು ಕೈಕೆಲಸ ಈಗ ಬಹುಮಟ್ಟಿಗೆ ಮರೆಯಾಗಿದೆ, ಬಳೆಚೂರಿನ ತೋರಣ. ಒಡೆದ ಗಾಜಿನ ಬಳೆಯ ಚೂರುಗಳನ್ನು ದೀಪದ ಇಲ್ಲವೇ ಮೇಣದಬತ್ತಿಯ ಉರಿಗೆ ಹಿಡಿದರೆ ಗಾಜು ಮೆತ್ತಗಾಗುತ್ತದೆ. ಆಗ ಎರಡು ತುದಿಗಳನ್ನು ಒತ್ತಿ ಕೂಡಿಸಿದರೆ ಒಂದು ಕೊಂಡಿ. ಆ ಕೊಂಡಿಯೊಳಗೆ ಇನ್ನೊಂದು ಚೂರನ್ನು ತೂರಿಸಿ ಅದನ್ನೂ ಕಾಯಿಸಿ ಮುಚ್ಚಿದರೆ ಸರಪಳಿ. ಹಸಿರು, ಕೆಂಪು, ನೀಲಿ ಎಳೆಗಳನ್ನು ಬಾಗಿಲ ಅಗಲಕ್ಕೆ ಇಳಿಬಿಟ್ಟರೆ ಗಾಳಿಗೆ ಸಣ್ಣಗೆ ಕಿಣಿಕಿಣಿ ಎನ್ನುತ್ತದೆ. ಹೊಗೆಯ ಮಸಿ ಹತ್ತದಂತೆ ಉರಿಯ ತುದಿಗೆ ಹಿಡಿಯುವುದು, ಬಿಸಿ ಗಾಜನ್ನು ತಣ್ಣನೆಯ ನೆಲಕ್ಕೆ ತಾಗಿಸದಿರುವುದು, ಇವೆರಡೇ ಇದರ ಗುಟ್ಟು. ಆಮೇಲಿನ ಪೀಳಿಗೆ ಹಳೆಯ ಮದುವೆ ಕಾಗದಗಳನ್ನೂ ಕ್ಯಾಲೆಂಡರುಗಳನ್ನೂ ಪಟ್ಟಿಪಟ್ಟಿಯಾಗಿ ಕತ್ತರಿಸಿ, ಜೆಮ್ ಕ್ಲಿಪ್ಪುಗಳಿಗೆ ಸುತ್ತಿ, ಒಂದಕ್ಕೊಂದು ಸಿಕ್ಕಿಸಿ ಬಾಗಿಲ ಪರದೆ ಮಾಡಿತು. ಹಜಾರಕ್ಕೂ ಅಡುಗೆಮನೆಗೂ ನಡುವೆ ಅದು ತೂಗುತ್ತಿದ್ದ ಕಾಲದಲ್ಲಿ ಅಡುಗೆಮನೆಗೆ ಹೋದವರ ತಲೆಯಲ್ಲೆಲ್ಲ ಒಂದಾದರೂ ಎಳೆ ಸಿಕ್ಕಿಕೊಳ್ಳುತ್ತಿತ್ತು.

ಒಳಗೆ ಕಾಲಿಟ್ಟರೆ ಗೋಡೆ. ಈ ನಾಡಿನ ಗೋಡೆ ಚಿತ್ತಾರಗಳಲ್ಲಿ ಬಹಳ ಅಚ್ಚುಕಟ್ಟಾದದ್ದು ಶಿವಮೊಗ್ಗ ಜಿಲ್ಲೆಯ ಸಾಗರ, ಸೊರಬ, ಹೊಸನಗರದ ಸುತ್ತಿನ ದೀವರ ಸಮುದಾಯದ ಹೆಂಗಸರ ಹಸೆ ಚಿತ್ತಾರ. ಮದುಮಕ್ಕಳು ಕೂರುವ ಹಸೆಯ ಹಿಂದಿನ ಗೋಡೆಗೆ ಮೊದಲು ಕೆಮ್ಮಣ್ಣು ಬಳಿಯುತ್ತಾರೆ. ನೆನೆಸಿದ ಅಕ್ಕಿಯನ್ನು ನುಣ್ಣಗೆ ಅರೆದರೆ ಬಿಳಿ ಬಣ್ಣ, ಅದೇ ಅಕ್ಕಿಯನ್ನು ಸೀದು ಹೋಗುವಷ್ಟು ಹುರಿದು ಅರೆದರೆ ಕಪ್ಪು, ಗುರಿಗೆ ಬೀಜದಿಂದ ಹಳದಿ. ಕುಂಚಕ್ಕೆ ಪುಂಡಿಯ ನಾರು. ಗೆರೆಗಳೆಲ್ಲ ಸರಳ, ಅಡ್ಡ, ಉದ್ದ, ಓರೆ. ಚೌಕದೊಳಗೆ ಚೌಕ, ಅದರೊಳಗೆ ತೆನೆ, ಹಕ್ಕಿ, ದಂಡಿಗೆ, ನಡುವೆ ಮದುಮಕ್ಕಳು. ಸ್ಕೇಲು ಪೆನ್ಸಿಲ್ಲುಗಳಿಲ್ಲದೆ ಗೆರೆ ನೆಟ್ಟಗೆ ಬರಲು ಕಾರಣ ನಾರಿನ ಕುಂಚವೇ. ಅದನ್ನು ಬಣ್ಣಕ್ಕೆ ಅದ್ದಿ ಗೋಡೆಗೆ ಒತ್ತಿ ಹಿಡಿದು ಮೆಲ್ಲಗೆ ಎಳೆದಾಗ, ಉದ್ದನೆಯ ನಾರು ತಾನೇ ದಾರಿ ಹಿಡಿದು ಬರುತ್ತದೆ. ಕೈ ನಡುಗಿದರೂ ಗೆರೆ ಅಷ್ಟಾಗಿ ನಡುಗುವುದಿಲ್ಲ.

ಈ ಚಿತ್ತಾರಕ್ಕೆ ಆಯುಸ್ಸು ಕಡಿಮೆ, ಮುಂದಿನ ಸಲ ಗೋಡೆ ಸಾರಿಸುವವರೆಗೆ ಮಾತ್ರ. ಹಾಗಾಗಿಯೇ ಪ್ರತಿ ಮನೆಯಲ್ಲೂ ಬರೆಯಬಲ್ಲ ಕೈಗಳು ಉಳಿದವು. ಭೂಮಿ ಹುಣ್ಣಿಮೆಗೆ ಹೊಲಕ್ಕೆ ಎಡೆ ಒಯ್ಯುವ ಭೂಮಣ್ಣಿ ಬುಟ್ಟಿಗೂ ಇದೇ ಬಣ್ಣ, ಇದೇ ಗೆರೆ. ಬಿದಿರ ಬುಟ್ಟಿಗೆ ಸಗಣಿ ಬಳಿದು ಸಂದು ಮುಚ್ಚಿ, ಕೆಮ್ಮಣ್ಣು ಹಚ್ಚಿ, ಒಣಗಿದ ಮೇಲೆ ಅಕ್ಕಿಹಿಟ್ಟಿನ ಬಿಳಿಯಲ್ಲಿ ಬರೆಯುತ್ತಾರೆ. ಈಗ ಹಸೆ ಚಿತ್ತಾರ ಕ್ಯಾನ್ವಾಸಿಗೂ ಕಾಗದಕ್ಕೂ ಇಳಿದು ಪಟ್ಟಣದ ಹಜಾರಗಳಿಗೆ ಬಂದಿದೆ. ಹಾಗೆ ಕೊಂಡು ತಂದು ನೇತುಹಾಕುವುದು ಒಳ್ಳೆಯದೇ. ಆದರೆ ಮನೆಯಲ್ಲೇ ಕಲಿಯಬೇಕೆನ್ನುವವರು ಬುಟ್ಟಿಯಿಂದ ಶುರುಮಾಡುವುದು ಲೇಸು, ಗೋಡೆಯಿಂದಲ್ಲ. ಬುಟ್ಟಿಯ ಮೇಲೆ ಸೊಟ್ಟ ಬಂದ ಗೆರೆಯನ್ನು ಗೋಡೆಯ ಕಡೆಗೆ ತಿರುಗಿಸಿ ಇಡಬಹುದು.

ಸುಣ್ಣ ಬಳಿದ ಗೋಡೆಗಳ ಮನೆಗಳಲ್ಲಿ ಚಿತ್ತಾರದ ಜಾಗಕ್ಕೆ ಪಟಗಳು ಬಂದವು. ರಾಜಾ ರವಿವರ್ಮ 1894ರಲ್ಲಿ ಮುಂಬೈಯಲ್ಲಿ ಮುದ್ರಣಾಲಯ ತೆರೆದ ಮೇಲೆ ಲಕ್ಷ್ಮಿ ಸರಸ್ವತಿಯರ ಬಣ್ಣದ ಚಿತ್ರಗಳು ಸಾಮಾನ್ಯರ ಕೈಗೆ ನಿಲುಕಿದವು. ಬರಿಯ ಕಾಗದವನ್ನು ನೇತುಹಾಕಿ ಸುಮ್ಮನಾಗದ ಗೃಹಿಣಿಯರು ಚಿತ್ರದಲ್ಲಿನ ದೇವಿಯ ಸೀರೆಗೆ ನಿಜವಾದ ಬಟ್ಟೆ, ಅಂಚಿಗೆ ನಿಜವಾದ ಜರಿ, ಒಡವೆಗಳಿಗೆ ಚಮಕಿ ಅಂಟಿಸಿ, ಆಮೇಲೆ ಗಾಜು ಹಾಕಿಸಿದರು. ಹೀಗೆ ಉಡಿಸಿದ ಪಟಗಳು ಹಳೆಯ ಮನೆಗಳ ದೇವರಕೋಣೆಯಲ್ಲಿ ಈಗಲೂ ಕಾಣಸಿಗುತ್ತವೆ. ಪಟವನ್ನು ಎತ್ತರದಲ್ಲಿ, ಮೇಲಂಚು ಮುಂದಕ್ಕೆ ಬಾಗಿದಂತೆ ಕಟ್ಟುವ ಪದ್ಧತಿಗೂ ಕಾರಣವಿದೆ. ನೆಲದ ಮೇಲೆ ಕೂತವರ ಕಣ್ಣಿಗೆ ಚಿತ್ರ ನೇರವಾಗಿ ಕಾಣುತ್ತದೆ, ಗಾಜಿನ ಮೇಲೆ ಕಿಟಕಿಯ ಬೆಳಕು ಹೊಳೆಯುವುದಿಲ್ಲ. ಸೋಫಾದಲ್ಲಿ ಕೂರುವ ಮನೆಗೆ ಅಷ್ಟು ಎತ್ತರವೂ ಬೇಡ, ಬಾಗೂ ಬೇಡ.

ಗೋಡೆಯ ದಪ್ಪವೇ ಹಳೆಯ ಮನೆಯ ಕಪಾಟು. ಒಂದೂವರೆ ಅಡಿಯೋ ಎರಡಡಿಯೋ ದಪ್ಪದ ಮಣ್ಣಿನ ಗೋಡೆಯಲ್ಲಿ ಗೂಡು ಬಿಡುವುದು ಕಷ್ಟವಿರಲಿಲ್ಲ. ಧಾರವಾಡದ ಕಡೆ ಇದಕ್ಕೆ ಮಾಡ ಎನ್ನುತ್ತಾರೆ. ದೀಪಕ್ಕೊಂದು, ಕುಂಕುಮದ ಭರಣಿಗೊಂದು, ಎಲೆಅಡಿಕೆ ತಟ್ಟೆಗೊಂದು ಗೂಡು. ಗೂಡಿನ ಸೊಗಸು ಅದರ ಚಿಕ್ಕತನದಲ್ಲಿ. ಒಂದೇ ವಸ್ತುವಿಗೆ ಜಾಗವಿರುವ ಕಡೆ ಎರಡನೆಯದು ಬಂದು ಸೇರುವುದಿಲ್ಲ. ಈಗಿನ ಆರಿಂಚಿನ ಗೋಡೆಯಲ್ಲಿ ಗೂಡು ತೋಡಲಾಗದು, ಆದರೆ ಆ ಬುದ್ಧಿಯನ್ನು ಉಳಿಸಿಕೊಳ್ಳಬಹುದು. ಅಂಗೈಯಗಲದ ಮರದ ಪೆಟ್ಟಿಗೆಗಳನ್ನು ಮಾಡಿ, ಬಾಗಿಲ ಪಕ್ಕದಲ್ಲಿ ಬೀಗದಕೈಗೊಂದು, ಕನ್ನಡಕಕ್ಕೊಂದು ಎಂದು ಕೂರಿಸಿದರೆ ಮನೆಯ ಅರ್ಧ ಹುಡುಕಾಟ ನಿಲ್ಲುತ್ತದೆ. ಉದ್ದನೆಯ ಒಂದೇ ಷೆಲ್ಫ್ ಈ ಕೆಲಸಕ್ಕೆ ಬರುವುದಿಲ್ಲ. ವಾರದೊಳಗೆ ಅದರ ಮೇಲೆ ಔಷಧಿ ಚೀಟಿ, ಮುಗಿದ ಬ್ಯಾಟರಿ, ಯಾರದೋ ಮದುವೆಯಲ್ಲಿ ಕೊಟ್ಟ ತಾಂಬೂಲದ ಕವರು ಎಲ್ಲ ಬಂದು ಕೂತಿರುತ್ತವೆ.

ಗೂಡಿನ ಮೇಲೆ ನಾಗಂದಿಗೆ, ಅಂದರೆ ಗೋಡೆಗೆ ಬಡಿದ ಮರದ ಹಲಗೆ. ಅದರ ಪಕ್ಕದಲ್ಲಿ, ತೊಲೆಯಿಂದ ಎರಡು ಹಗ್ಗಗಳಲ್ಲಿ ತೂಗುಬಿಟ್ಟ ಬಿದಿರ ಗಳ. ಮಡಿಬಟ್ಟೆಯನ್ನು ಕೋಲಿನಿಂದ ಅದರ ಮೇಲೆ ಹರವುತ್ತಿದ್ದರು. ಮಡಿ ಹೋದರೂ ಗಳ ಹೋಗಬೇಕಾಗಿಲ್ಲ. ಮಳೆಗಾಲದಲ್ಲಿ ತಲೆಗೆ ತಾಗದೆ, ನೆಲದ ಜಾಗ ತಿನ್ನದೆ ಬಟ್ಟೆ ಒಣಗಿಸಲು ಇದಕ್ಕಿಂತ ಸರಳ ಉಪಾಯ ಇನ್ನೂ ಬಂದಿಲ್ಲ. ಅಂಗಡಿಯಲ್ಲಿ ಸಿಗುವ, ರಾಟೆಯಿಂದ ಇಳಿಸಿ ಏರಿಸುವ ಉಕ್ಕಿನ ಕೊಳವೆಗಳೂ ಗಳದ ಮೊಮ್ಮಕ್ಕಳೇ.

ಸೂರಿನಿಂದ ತೂಗುವ ವಸ್ತುಗಳಲ್ಲಿ ನೆಲವಿನದು ಮೇಲಾದ ಕೆಲಸ. ಕರಾವಳಿಯ ಕಡೆ ಇದನ್ನು ಸಿಕ್ಕ ಎನ್ನುತ್ತಾರೆ. ಹಾಲು, ಮೊಸರು, ಬೆಣ್ಣೆ, ಮಿಕ್ಕ ಅನ್ನ ಎಲ್ಲವೂ ಫ್ರಿಜ್ ಇಲ್ಲದ ಕಾಲದಲ್ಲಿ ಇದರ ಮೇಲೆಯೇ ಇದ್ದವು. ಬೆಕ್ಕು ಹಾರಲಾಗದಷ್ಟು ಎತ್ತರ, ಗೋಡೆಯ ಇರುವೆ ಸುಲಭವಾಗಿ ತಲುಪದಷ್ಟು ದೂರ, ಸುತ್ತಲೂ ಗಾಳಿ. ಕೃಷ್ಣನ ಬೆಣ್ಣೆಗಳ್ಳತನದ ಚಿತ್ರಗಳಲ್ಲಿ ತೂಗುತ್ತಿರುವುದು ಇದೇ. ಮಾಡುವ ಬಗೆ ಹೀಗೆ: ತೆಂಗಿನ ನಾರಿನ ಹುರಿ ಅಥವಾ ಸೆಣಬಿನ ಹುರಿಯ ನಾಲ್ಕು ಉದ್ದನೆಯ ಎಳೆಗಳನ್ನು ನಡುವಿಗೆ ಮಡಿಸಿ, ಮಡಿಕೆಯನ್ನು ಸುತ್ತಿ ಬಿಗಿದು ತಲೆಯ ಕುಣಿಕೆ ಮಾಡಬೇಕು. ಈಗ ಕೆಳಗೆ ಎಂಟು ಎಳೆಗಳು. ಎರಡೆರಡನ್ನು ಸೇರಿಸಿ ಒಂದು ಮೊಳದ ಕೆಳಗೆ ನಾಲ್ಕು ಗಂಟು. ಆ ಗಂಟುಗಳಿಂದ ಅಂಗೈಯಷ್ಟು ಕೆಳಗೆ, ಪಕ್ಕದ ಜೋಡಿಯ ಒಂದೊಂದು ಎಳೆಯನ್ನು ತಂದು ಮತ್ತೆ ನಾಲ್ಕು ಗಂಟು. ಇಲ್ಲಿಗೆ ಬಲೆಯಂಥ ಹೊಟ್ಟೆಯಾಯಿತು. ಕೊನೆಗೆ ಎಂಟನ್ನೂ ಒಟ್ಟು ಸೇರಿಸಿ ಒಂದೇ ದೊಡ್ಡ ಗಂಟು ಹಾಕಿ, ಮಿಕ್ಕ ತುದಿಗಳನ್ನು ಬಿಡಿಸಿಬಿಟ್ಟರೆ ಅದೇ ಕುಚ್ಚು. ಗಡಿಗೆ ಅಲುಗದಿರಲು ಒಳಗೊಂದು ಸಿಂಬಿ. ಗಂಟುಗಳ ನಡುವಿನ ಅಂತರವೆಲ್ಲ ಸಮವಿಲ್ಲದಿದ್ದರೆ ಗಡಿಗೆ ಒಂದು ಕಡೆಗೆ ವಾಲುತ್ತದೆ. ಮೊದಲ ಸಲ ಕಟ್ಟುವವರದು ವಾಲಿಯೇ ವಾಲುತ್ತದೆ. ಅಂಥದ್ದರಲ್ಲಿ ಮಜ್ಜಿಗೆ ಇಡದೆ ಈರುಳ್ಳಿ ಇಡುವುದು ಕ್ಷೇಮ.

ಮ್ಯಾಕ್ರಮೆ ಎಂಬ ಹೆಸರಿನಲ್ಲಿ ಬಾಲ್ಕನಿಗಳಲ್ಲಿ ಗಿಡದ ಕುಂಡ ಹೊತ್ತು ತೂಗುತ್ತಿರುವುದು ಬಹುಮಟ್ಟಿಗೆ ಇದೇ ಹೆಣಿಗೆ. ನಡುವಿನ ವ್ಯತ್ಯಾಸ ಎರಡು. ಗಿಡಕ್ಕೆ ನೀರು ಹಾಕುವುದರಿಂದ ಹತ್ತಿಯ ಹುರಿ ಬುಡದಲ್ಲಿ ಕೊಳೆಯುತ್ತದೆ. ತೆಂಗಿನ ನಾರು ಇಲ್ಲವೇ ನೈಲಾನ್ ಬಾಳಿಕೆ ಬರುತ್ತದೆ. ಮತ್ತೆ, ಹಳೆಯ ಮನೆಯ ತೊಲೆಗೆ ಕಬ್ಬಿಣದ ಕೊಕ್ಕೆ ಇರುತ್ತಿತ್ತು. ಈಗಿನ ಪಿಓಪಿ ಸೀಲಿಂಗಿಗೆ ಕೊಕ್ಕೆ ಚುಚ್ಚಿ ಮಣ್ಣು ತುಂಬಿದ ಕುಂಡ ತೂಗುಹಾಕಿದರೆ ಕುಂಡದ ಜೊತೆಗೆ ಸೀಲಿಂಗೂ ಕೆಳಗಿಳಿಯುತ್ತದೆ. ಕೊಕ್ಕೆ ಕಾಂಕ್ರೀಟನ್ನೇ ಹಿಡಿಯಬೇಕು. ಅಡುಗೆಮನೆಯಲ್ಲಿ ಈರುಳ್ಳಿ, ಬೆಳ್ಳುಳ್ಳಿ, ಬಾಳೆಗೊನೆಗಳಿಗೆ ನೆಲವು ಈಗಲೂ ಮೊದಲಿನಷ್ಟೇ ಉಪಯೋಗಿ. ಗಾಳಿಯಾಡುವುದರಿಂದ ಈರುಳ್ಳಿ ಮೊಳೆಯುವುದು, ಕೊಳೆಯುವುದು ಎರಡೂ ತಡವಾಗುತ್ತದೆ.

ಅಡುಗೆಮನೆಯ ಒಣಸಾಮಾನಿಗೆ ಕಾಗದದ ಬುಟ್ಟಿ. ಹಳೆಯ ಪತ್ರಿಕೆಗಳನ್ನು ಹರಿದು ಎರಡು ಮೂರು ದಿನ ನೀರಿನಲ್ಲಿ ನೆನೆಹಾಕಿ, ನೀರು ಹಿಂಡಿ, ನೆನೆಸಿದ ಮೆಂತ್ಯದ ಜೊತೆ ಒರಳಲ್ಲಿ ರುಬ್ಬುತ್ತಾರೆ. ಮೆಂತ್ಯದ ಲೋಳೆಯೇ ಅಂಟು, ಅದರ ಕಹಿಯಿಂದ ಹುಳು ಹತ್ತಿರ ಬರುವುದಿಲ್ಲ. ಬೋಗುಣಿಯೊಂದನ್ನು ಬೋರಲು ಹಾಕಿ, ಅದರ ಮೇಲೆ ಒದ್ದೆ ಬಟ್ಟೆ ಹೊದಿಸಿ, ಈ ಮುದ್ದೆಯನ್ನು ಬೆರಳು ದಪ್ಪಕ್ಕೆ ಮೆತ್ತಿ ಒಣಗಿಸಬೇಕು. ಮೊದಲ ದಿನ ನೆರಳು, ಆಮೇಲೆ ಬಿಸಿಲು. ಮೊದಲೇ ಬಿಸಿಲಿಗಿಟ್ಟರೆ ಬಿರುಕು. ಒಣಗಿ ಬಿಟ್ಟುಕೊಂಡ ಮೇಲೆ ಹುಣಸೆಬೀಜದ ಸರಿಯನ್ನೋ ಅರಿಶಿನ ಬೆರೆಸಿದ ಮೆಂತ್ಯವನ್ನೋ ಬಳಿದರೆ ಹಪ್ಪಳ, ಸಂಡಿಗೆ, ಒಣಮೆಣಸಿನಕಾಯಿ ಇಡಲು ಹಗುರವಾದ ಪಾತ್ರೆ ಸಿದ್ಧ. ಹೊಸ ಮೊರದ ಸಂದುಗಳನ್ನು ಮುಚ್ಚುವುದಕ್ಕೂ ಇದೇ ಮೆಂತ್ಯ. ಒರಳಿನ ಬದಲು ಮಿಕ್ಸಿಯಲ್ಲಿ ರುಬ್ಬಬಹುದು, ನೀರು ಮಾತ್ರ ಹೆಚ್ಚಾಗಬಾರದು. ಪತ್ರಿಕೆಯ ಮಸಿಯಿಂದ ಬುಟ್ಟಿ ಬೂದುಬಣ್ಣಕ್ಕೆ ಬರುತ್ತದೆ, ಆ ಮಸಿ ಆಹಾರಕ್ಕೆ ನೇರವಾಗಿ ತಾಗದಿರುವುದೇ ಒಳ್ಳೆಯದು. ಒಳಗೊಂದು ಹಳೆಯ ಬಟ್ಟೆ ಹಾಸಿದರೆ ಸರಿ.

ಉರುಟು ತಳದ ಗಡಿಗೆಗೆ ಬತ್ತದ ಹುಲ್ಲಿನ ಸಿಂಬಿ, ಅಡಿಕೆ ತೋಟದ ಸೀಮೆಯಲ್ಲಿ ಹಾಳೆಯನ್ನು ಮಡಿಸಿ ಚುಚ್ಚಿದ ಪಡಿಗೆ, ಇರುವೆ ಬಾರದಂತೆ ಬೀರುವಿನ ಕಾಲುಗಳಡಿ ನೀರಿನ ಬಟ್ಟಲು, ಇವೆಲ್ಲ ಪ್ರತಿ ಮನೆಯವರೂ ತಾವೇ ಮಾಡಿಕೊಂಡವು. ಡಾಲ್ಡಾ ಡಬ್ಬದಲ್ಲಿ ತುಳಸಿ ಬೆಳೆದದ್ದು, ಹಾರ್ಲಿಕ್ಸ್ ಬಾಟಲಿಗಳಲ್ಲಿ ಉದ್ದು ಕಡಲೆ ಕೂತದ್ದು ನಡುವಿನ ಯುಗ. ಆ ಬಾಟಲಿಗಳ ಸಾಲಿನಲ್ಲಿ ಒಂದು ನೀತಿಯಿತ್ತು, ಎಲ್ಲವೂ ಒಂದೇ ಅಳತೆ, ಒಳಗಿರುವುದು ಹೊರಗೆ ಕಾಣುತ್ತದೆ. ಬಣ್ಣಬಣ್ಣದ, ಬೇರೆಬೇರೆ ಎತ್ತರದ, ಮುಚ್ಚಳ ಕಳೆದುಹೋದ ಡಬ್ಬಗಳನ್ನು 'ಮುಂದೆ ಬೇಕಾದೀತು' ಎಂದು ಎತ್ತಿಡುವುದಕ್ಕೆ ಮರುಬಳಕೆ ಎಂಬ ಗೌರವದ ಹೆಸರು ಸಲ್ಲದು. ಅಡುಗೆಮನೆಯ ಬಾಗಿಲ ಹಿಂದೆ ತೂಗುವ, ಚೀಲಗಳನ್ನೇ ತುಂಬಿದ ಚೀಲವೂ ಇದೇ ಜಾತಿಯದು. ಅದು ಹಿಡಿಯುವಷ್ಟೇ ಚೀಲ ಮನೆಯಲ್ಲಿರಲಿ ಎಂದು ತೀರ್ಮಾನಿಸಿದರೆ ಮಾತ್ರ ಅದರಿಂದ ಪ್ರಯೋಜನ.

ಕಾಗದಪತ್ರಕ್ಕೆ ಹಿಂದಿನವರ ವ್ಯವಸ್ಥೆ ಒಂದು ತಂತಿ. ಹಳೆಯ ಕೊಡೆಯ ಕಡ್ಡಿಯನ್ನೋ ದಪ್ಪ ತಂತಿಯನ್ನೋ ಮೇಲೆ ಕೊಕ್ಕೆಯಾಗಿ ಬಗ್ಗಿಸಿ, ಕೆಳಗೆ ರಟ್ಟಿನ ಬಿಲ್ಲೆ ತಡೆಯಾಗಿ ಇಟ್ಟು, ಬಂದ ಕಾಗದ, ಕರೆಂಟು ಬಿಲ್ಲು, ಕಂದಾಯ ರಸೀದಿಗಳನ್ನು ಬಂದ ಕ್ರಮದಲ್ಲೇ ಚುಚ್ಚುತ್ತಿದ್ದರು. ಹೊಸದು ಮೇಲೆ, ಹಳೆಯದು ಕೆಳಗೆ. ತಾರೀಖಿನ ಪ್ರಕಾರ ತಾನಾಗಿಯೇ ಜೋಡಣೆ. ಮಕ್ಕಳಿರುವ ಮನೆಯಲ್ಲಿ ಮೊನಚು ತಂತಿ ಬೇಡವೆನ್ನುವವರಿಗೆ ಬಟ್ಟೆಯ ಜೇಬುಗೋಡೆ ಇದೆ. ಹಳೆಯ ಜೀನ್ಸ್ ಪ್ಯಾಂಟಿನ ಜೇಬುಗಳನ್ನು ಹಿಂದಿನ ಬಟ್ಟೆ ಸಮೇತ ಕತ್ತರಿಸಿ, ಗಟ್ಟಿ ಬಟ್ಟೆಯ ಮೇಲೆ ಸಾಲಾಗಿ ಹೊಲಿದು, ಮೇಲಂಚಿನ ಮಡಿಕೆಯಲ್ಲಿ ಬಿದಿರ ಕಡ್ಡಿ ತೂರಿಸಿ ತೂಗುಹಾಕುವುದು. ಮನೆಯ ಪ್ರತಿಯೊಬ್ಬರಿಗೂ ಒಂದೊಂದು ಜೇಬು ಕೊಟ್ಟರೆ ಯಾರ ರಸೀದಿ ಯಾರದೆಂಬ ಜಗಳ ಕಡಿಮೆಯಾಗುತ್ತದೆ.

ಮಲಗುವ ಕೋಣೆಯ ದೊಡ್ಡ ಕೈಕೆಲಸ ಕೌದಿ. ಉತ್ತರ ಕರ್ನಾಟಕದಲ್ಲಿ ಇದು ಹಾಸಿಗೆ, ಹೊದಿಕೆ, ಬಂದವರಿಗೆ ಹಾಸುವ ಜಮಖಾನೆ, ತೊಟ್ಟಿಲ ಮೆತ್ತೆ ಎಲ್ಲವೂ ಹೌದು. ಹೊಲಿಯುವ ಕಾಲ ಬೇಸಿಗೆ, ಹೊಲದ ಕೆಲಸ ಇಲ್ಲದಾಗ. ಐದೂವರೆ ಮೀಟರಿನ ಸೀರೆಯನ್ನು ನಡುವೆ ಮಡಿಸಿದರೆ ಉದ್ದ ಸುಮಾರು ಎರಡೂ ಮುಕ್ಕಾಲು ಮೀಟರು, ಅಗಲ ಒಂದು ಮೀಟರಿಗಿಂತ ತುಸು ಹೆಚ್ಚು. ಒಬ್ಬರಿಗೆ ಇದು ಸಾಕು, ಇಬ್ಬರಿಗಾದರೆ ಎರಡು ಸೀರೆಗಳನ್ನು ಅಗಲಕ್ಕೆ ಜೋಡಿಸಬೇಕು. ನಡುವಿನ ಪದರಗಳಿಗೆ ಹರಿದ ಧೋತರ, ಲುಂಗಿ, ಅಂಗಿ ಯಾವುದಾದರೂ ನಡೆಯುತ್ತದೆ. ಮೇಲ್ಪದರದ ಆಯ್ಕೆಯಲ್ಲೇ ಹೊಲಿಯುವವಳ ಕಣ್ಣು ಗೊತ್ತಾಗುವುದು. ಇಳಕಲ್ ಸೀರೆಯ ಕೆಂಪು ಸೆರಗು ಬಹುಪಾಲು ಅಂಚಿಗೆ ಹೋಗುತ್ತದೆ, ಗುಳೇದಗುಡ್ಡದ ಖಣದ ತುಂಡುಗಳು ತ್ರಿಕೋನವಾಗಿ ನಡುವೆ ಕೂರುತ್ತವೆ. ದಪ್ಪ ಸೂಜಿ, ದಪ್ಪ ನೂಲು. ಹೊಲಿಗೆ ಸಾದಾ ಹರಿಹೊಲಿಗೆ, ಸಾಲಿನಿಂದ ಸಾಲಿಗೆ ಬೆರಳಿನ ಅಂತರ. ಪದರಗಳನ್ನು ಸರಿಯದಂತೆ ಹಿಡಿಯುವುದೂ ಈ ಸಾಲುಗಳೇ, ಮೇಲ್ಮೈಗೆ ಅಲೆಅಲೆಯ ಸೊಗಸು ಕೊಡುವುದೂ ಇವೇ.

ಕೌದಿಗೆ ಹಳೆಯ ಹತ್ತಿಯೇ ಆಗಬೇಕು. ಹೊಸ ಹತ್ತಿ ಮೊದಲ ಒಗೆತಕ್ಕೆ ಕುಗ್ಗಿ ಮುದುಡುತ್ತದೆ, ಪಾಲಿಯೆಸ್ಟರ್ ಸೀರೆ ಜಾರುತ್ತದೆ, ಬೆವರು ಹೀರುವುದಿಲ್ಲ. ಮನೆಯಲ್ಲಿ ಹತ್ತಿ ಸೀರೆ ಉಡುವವರು ಕಡಿಮೆಯಾದದ್ದೇ ಕೌದಿ ಕಡಿಮೆಯಾಗಲು ಮುಖ್ಯ ಕಾರಣ. ಪುರುಸೊತ್ತಿಲ್ಲ ಎಂಬುದು ಎರಡನೆಯದು. ಕೌದಿಯ ಒಂದು ಅನನುಕೂಲವನ್ನೂ ಹೇಳಬೇಕು, ಒಗೆಯುವ ಕಷ್ಟ. ನೀರು ಕುಡಿದ ಕೌದಿಯನ್ನು ಎತ್ತಲು ಇಬ್ಬರು ಬೇಕು, ಅದಕ್ಕೇ ಹಬ್ಬದ ಮುಂಚೆ ಹೊಳೆಗೋ ಕೆರೆಗೋ ಒಯ್ದು ಬಂಡೆಯ ಮೇಲೆ ಬಡಿದು ಹರವುತ್ತಿದ್ದರು. ಫ್ಲ್ಯಾಟಿನ ವಾಷಿಂಗ್ ಮಷೀನಿಗೆ ಇದು ಹೊರೆ. ಎರಡೇ ಪದರದ ತೆಳು ಕೌದಿ ಹೊಲಿದುಕೊಂಡರೆ ಅಥವಾ ದಪ್ಪ ಕೌದಿಗೆ ಬಿಚ್ಚಿ ಒಗೆಯಬಹುದಾದ ಗವಸು ಹಾಕಿದರೆ ಈ ತಾಪತ್ರಯವಿಲ್ಲ.

ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆಯ ಸಿದ್ದಿ ಸಮುದಾಯದ ಹೆಂಗಸರ ಕೌದಿ ಇನ್ನೊಂದು ಬಗೆಯದು. ಪೋರ್ಚುಗೀಸರ ಕಾಲದಲ್ಲಿ ಆಫ್ರಿಕಾದಿಂದ ಬಂದವರ ಸಂತತಿಯವರು ಇವರು. ಅವರು ಮೂಲೆಯೊಂದರಿಂದ ಶುರುಮಾಡಿ, ಅಂಚು ಹಿಡಿದು ಸುತ್ತು ಬರುತ್ತ, ತುಂಡಿನ ಪಕ್ಕಕ್ಕೆ ತುಂಡು ಸೇರಿಸುತ್ತ ಒಳಗೊಳಗೆ ಬಂದು ನಡುವಿನಲ್ಲಿ ಮುಗಿಸುತ್ತಾರೆ. ಮೊದಲೇ ನಕ್ಷೆ ಬರೆದುಕೊಳ್ಳುವುದಿಲ್ಲ. ಕೊನೆಯಲ್ಲಿ ನಾಲ್ಕು ಮೂಲೆಗಳಿಗೆ ಬಟ್ಟೆಯನ್ನು ತ್ರಿಕೋನವಾಗಿ ಮಡಿಸಿದ ಹೂಗಳು ಬೀಳಬೇಕು, ಅವಿಲ್ಲದ ಕೌದಿ ಅವರ ಲೆಕ್ಕದಲ್ಲಿ ಪೂರ್ತಿಯಾದದ್ದಲ್ಲ. ಇಂದು ಈ ಕೌದಿಗಳು ಕಲಾ ಪ್ರದರ್ಶನಗಳ ಗೋಡೆಯನ್ನೂ ಏರಿವೆ. ಅವುಗಳ ಧೈರ್ಯದ ಬಣ್ಣಗಳನ್ನು ಕಂಡವರು, ಕೌದಿಗೆ ಬಣ್ಣಗಳು 'ಮ್ಯಾಚ್' ಆಗಲೇಬೇಕೆಂಬ ಹಟವನ್ನು ಬಿಟ್ಟುಬಿಡುತ್ತಾರೆ.

ಸಣ್ಣ ಬಟ್ಟೆ ಕೆಲಸಗಳಲ್ಲಿ ಧಾರವಾಡ ಸೀಮೆಯ ಕಸೂತಿಗೆ ಮೊದಲ ಸ್ಥಾನ. ಗವಂತಿ, ಮುರ್ಗಿ, ನೇಗಿ, ಮೆಂತ್ಯ ಎಂಬ ನಾಲ್ಕು ಹೊಲಿಗೆಗಳು. ಬಟ್ಟೆಯ ಎಳೆ ಎಣಿಸಿಯೇ ಸೂಜಿ ಚುಚ್ಚಬೇಕು, ಗಂಟು ಹಾಕುವಂತಿಲ್ಲ, ಗವಂತಿಯಲ್ಲಿ ಹಿಂದುಮುಂದು ಎರಡೂ ಒಂದೇ ರೀತಿ ಕಾಣಬೇಕು. ಗೋಪುರ, ತೇರು, ಆನೆ, ತುಳಸಿಕಟ್ಟೆ ಇದರ ಪರಿಚಿತ ಚಿತ್ರಗಳು. ಸೀರೆ ಪೂರ್ತಿ ಮಾಡುವ ತಾಳ್ಮೆ ಇಲ್ಲದವರಿಗೆ ದಿಂಬಿನ ಗವಸಿನ ಒಂದು ಮೂಲೆ, ಕಿಟಕಿ ಪರದೆಯ ಕೆಳಅಂಚು ಸಾಕು. ಎರಡೂ ಮೈ ಒಂದೇ ಆದ್ದರಿಂದ ಪರದೆಗೆ ಗವಂತಿ ವಿಶೇಷವಾಗಿ ಒಪ್ಪುತ್ತದೆ. ಬೀದಿಯಿಂದಲೂ ಚೆಂದ, ಒಳಗಿನಿಂದಲೂ ಚೆಂದ. ಕ್ರೋಷಾದ ಕಾಲ ಬೇರೆ ತೆರನದು. ಮಹಿಳಾ ಸಮಾಜಗಳಲ್ಲಿ, ಶಾಲೆಯ ಹೊಲಿಗೆ ತರಗತಿಗಳಲ್ಲಿ ಕಲಿತ ಕೈಗಳು ರೇಡಿಯೋಗೆ, ಟಿವಿಗೆ, ಫೋನಿಗೆ, ಕೊನೆಗೆ ನೀರಿನ ಫಿಲ್ಟರಿಗೂ ಬಲೆಯ ಅಂಗಿ ತೊಡಿಸಿದವು. ಧೂಳು ತಡೆಯಲೆಂದು ಹಾಕಿದ ಆ ಅಂಗಿಯಲ್ಲಿ ಇದ್ದದ್ದೆಲ್ಲ ತೂತು.

ಬಟ್ಟೆ ಇಡುವ ಟ್ರಂಕಿಗೆ ಲಾವಂಚದ ಬೇರಿನ ಸಣ್ಣ ಕಟ್ಟು ಅಥವಾ ಒಣಗಿದ ಬೇವಿನೆಲೆ ತುಂಬಿದ ಮಲ್ಲು ಬಟ್ಟೆಯ ಚೀಲ. ಕರಾವಳಿಯಲ್ಲಿ ಕೇದಗೆ ಹೂವಿನ ಎಸಳು. ಬೇವಿನೆಲೆ ಪೂರ್ತಿ ಒಣಗಿರಬೇಕು, ಹಸಿಯಿದ್ದರೆ ರೇಷ್ಮೆಗೆ ಕಲೆ. ಜರಿ ಸೀರೆಗಳನ್ನು ವರ್ಷಕ್ಕೊಂದೆರಡು ಸಲ ತೆಗೆದು ಮಡಿಕೆ ಬದಲಿಸದಿದ್ದರೆ ಮಡಿಕೆಯಲ್ಲೇ ಸೀಳುತ್ತವೆ.

ಹಳೆ ಮೈಸೂರು ಸೀಮೆಯಲ್ಲಿ ವರ್ಷಕ್ಕೊಮ್ಮೆ ಇಡೀ ಮನೆ ಕೈಕೆಲಸಕ್ಕೆ ಕೂರುವುದು ನವರಾತ್ರಿಯ ಗೊಂಬೆ ಕೂರಿಸುವಾಗ. ಮೆಟ್ಟಿಲುಗಳು ಮೂರು, ಐದು, ಏಳು, ಒಂಬತ್ತು, ಹೀಗೆ ಬೆಸ ಸಂಖ್ಯೆ. ಮೆಟ್ಟಿಲಿಗೆ ಬೇರೆ ಮರ ಬೇಕಿಲ್ಲ. ಟ್ರಂಕು, ಸ್ಟೀಲಿನ ಡಬ್ಬ, ಹಲಗೆ, ದಪ್ಪ ಪುಸ್ತಕಗಳ ಮೇಲೆ ಬಿಳಿಯ ಪಂಚೆ ಹೊದಿಸಿದರೆ ಆಯಿತು. ಮೇಲಿನ ಮೆಟ್ಟಿಲಿಗೆ ಪಟ್ಟದ ಗೊಂಬೆ, ಕೆಳಗೆ ಚನ್ನಪಟ್ಟಣದ ಅರಗಿನ ಬಣ್ಣದವು, ಕೊಪ್ಪಳ ಜಿಲ್ಲೆಯ ಕಿನ್ನಾಳದವು, ಸಂತೆಯ ಮಣ್ಣಿನವು. ಮಕ್ಕಳ ಪಾಲಿಗೆ ಬರುವುದು ನೆಲದ ಮೇಲಿನ ಪಾರ್ಕು. ವಾರ ಮೊದಲೇ ತಟ್ಟೆಯಲ್ಲಿ ತೆಳುವಾಗಿ ಮಣ್ಣು ಹರವಿ ರಾಗಿ ಚೆಲ್ಲಿ ನೀರು ಚಿಮುಕಿಸಿದರೆ ಹಬ್ಬದ ಹೊತ್ತಿಗೆ ಹುಲ್ಲುಹಾಸು. ಕನ್ನಡಿಯ ಚೂರಿನ ಅಂಚನ್ನು ಮರಳಿನಿಂದ ಮುಚ್ಚಿದರೆ ಕೊಳ. ಬಣ್ಣ ಹಾಕಿದ ಮರದಪುಡಿಯಿಂದ ರಸ್ತೆ, ಬೆಂಕಿಪೊಟ್ಟಣದಿಂದ ಮನೆ. ಪ್ರಮಾಣದ ಹಂಗು ಇಲ್ಲಿಲ್ಲ. ಬೆಂಕಿಪೊಟ್ಟಣದ ಮನೆಯ ಮುಂದೆ ಅದರ ಎರಡರಷ್ಟು ಎತ್ತರದ ಪೊಲೀಸು ನಿಂತಿದ್ದರೂ ಯಾರೂ ಆಕ್ಷೇಪಿಸುವುದಿಲ್ಲ.

ಈ ಎಲ್ಲ ಕೆಲಸಕ್ಕೆ ಹೋದ ಸಮಯ ಯಾರದು ಎಂಬುದನ್ನು ಮನೆವಾರ್ತೆಯ ಪುಸ್ತಕಗಳು ಸಾಮಾನ್ಯವಾಗಿ ಬರೆಯುವುದಿಲ್ಲ. ಬಹುತೇಕ ಅದು ಹೆಂಗಸರ ಮಧ್ಯಾಹ್ನ, ಊಟದ ಪಾತ್ರೆ ತೊಳೆದಾದ ಮೇಲಿನಿಂದ ಸಂಜೆಯ ಕಾಫಿಯವರೆಗೆ ಸಿಕ್ಕ ಒಂದೆರಡು ಗಂಟೆ. ಗಂಡಸರ ಪಾಲು ಗಳ ಕಟ್ಟುವುದು, ಮೊಳೆ ಹೊಡೆಯುವುದು, ಆಮೇಲೆ ಅದು ಸೊಟ್ಟಗಿದೆಯೆಂಬ ಮಾತಿಗೆ ವಾದ ಮಾಡುವುದು. ಹೊರಗೆ ದುಡಿಯುವ ಹೆಂಗಸರ ಮನೆಯಲ್ಲಿ ಆ ಮಧ್ಯಾಹ್ನವಿಲ್ಲ. ಹಾಗಾಗಿ ಈಗ ಕೈಕೆಲಸ ಉಳಿಯಬೇಕಾದರೆ ಅದು ಭಾನುವಾರದ, ಮನೆಮಂದಿಯೆಲ್ಲ ಸೇರುವ ಹೊತ್ತಿಗೆ ಹೊಂದುವಂಥದ್ದಾಗಬೇಕು. ನೆಲವು, ಜೇಬುಗೋಡೆ, ಕಾಗದದ ಬುಟ್ಟಿ ಇದಕ್ಕೆ ಒಪ್ಪುತ್ತವೆ. ಕಸೂತಿಯ ಪೂರ್ತಿ ಸೀರೆ ಒಪ್ಪುವುದಿಲ್ಲ.

ಬಾಡಿಗೆ ಮನೆಗೆ ಬೇರೆಯೇ ಕಟ್ಟಳೆ, ಮೊಳೆ ಹೊಡೆಯಬಾರದು. ಬೆಂಗಳೂರಿನ ಮನೆಮಾಲೀಕರು ಬಾಡಿಗೆದಾರರಿಗೆ ಮೊದಲ ದಿನ ಹೇಳುವ ಮಾತುಗಳಲ್ಲಿ ಇದೂ ಒಂದು. ಅಂಥಲ್ಲಿ ತೂಗುವ ವಸ್ತುಗಳಿಗಿಂತ ಒರಗುವ, ನಿಲ್ಲುವ ವಸ್ತುಗಳು ಹೊಂದುತ್ತವೆ. ಗೋಡೆಗೆ ಒರಗಿಸಿದ ಬಿದಿರ ಏಣಿಯ ಮೆಟ್ಟಿಲುಗಳ ಮೇಲೆ ಕೌದಿ, ಟವೆಲು, ಪತ್ರಿಕೆಗಳನ್ನು ಹಾಕಬಹುದು. ಕಿಟಕಿಯ ಕಂಬಿಗಳಿಗೆ ನೆಲವು, ಜೇಬುಗೋಡೆ ಎರಡನ್ನೂ ಕಟ್ಟಬಹುದು. ಹಣ್ಣಿನ ಮರದ ಪೆಟ್ಟಿಗೆಗಳನ್ನು ಉಜ್ಜುಕಾಗದದಿಂದ ನುಣುಪು ಮಾಡಿ ಒಂದರ ಮೇಲೊಂದು ಕೂರಿಸಿದರೆ ಪುಸ್ತಕದ ಕಪಾಟು, ಮನೆ ಬದಲಿಸುವಾಗ ಅದೇ ಸಾಗಣೆಯ ಡಬ್ಬ.

ಕೊನೆಯದು ಅಟ್ಟ. ವರ್ಷಕ್ಕೊಂದೆರಡು ಸಲ ಮಾತ್ರ ಬೇಕಾಗುವುದಷ್ಟೇ ಅಲ್ಲಿಗೆ ಹೋಗಬೇಕು: ಗೊಂಬೆಯ ಪೆಟ್ಟಿಗೆ, ದೊಡ್ಡ ಕೊಳಗ, ಹೆಚ್ಚಿನ ಕೌದಿ, ದೀಪಾವಳಿಯ ಆಕಾಶಬುಟ್ಟಿ. ಗೊಂಬೆಗಳನ್ನು ಹಳೆಯ ಹತ್ತಿ ಬಟ್ಟೆಯಲ್ಲಿ ಒಂದೊಂದಾಗಿ ಸುತ್ತಿ, ಭಾರದವನ್ನು ಕೆಳಗೆ, ಮಣ್ಣಿನವನ್ನು ಮೇಲೆ ಇಡಬೇಕು. ಪತ್ರಿಕೆಯ ಮಸಿ ಬಣ್ಣಕ್ಕೆ ಹತ್ತುತ್ತದೆ, ಪ್ಲಾಸ್ಟಿಕ್ಕಿನಲ್ಲಿ ತೇವ ನಿಲ್ಲುತ್ತದೆ. ಪೆಟ್ಟಿಗೆಯಲ್ಲೇನಿದೆಯೆಂದು ಬರೆದ ಚೀಟಿ ಮುಚ್ಚಳದ ಮೇಲಿದ್ದರೆ ಏಣಿ ಹತ್ತಿಯೇ ಓದಬೇಕು, ಹಾಗಾಗಿ ಅದನ್ನು ಕೆಳಗೆ ನಿಂತವರಿಗೆ ಕಾಣುವ ಮೈಗೆ ಅಂಟಿಸಬೇಕು. ಆಕಾಶಬುಟ್ಟಿಯ ಬಿದಿರ ಚೌಕಟ್ಟು ವರ್ಷಗಟ್ಟಲೆ ಬರುತ್ತದೆ, ಬಣ್ಣದ ಕಾಗದ ಮಾತ್ರ ಪ್ರತಿ ಸಲ ಹೊಸದು. ಕಾಗದ ಅಂಟಿಸಿದ ಮೈದಾ ಸರಿಯ ವಾಸನೆಗೆ ಜಿರಲೆ ಬರುವುದರಿಂದ, ಎತ್ತಿಡುವ ಮುಂಚೆ ಹಳೆಯ ಕಾಗದವನ್ನು ನೀರು ಹಚ್ಚಿ ಕೆರೆದು ತೆಗೆದು, ಚೌಕಟ್ಟನ್ನು ಒಂದು ದಿನ ಬಿಸಿಲಿಗಿಟ್ಟು ಒಣಗಿಸಬೇಕು. ಪುಸ್ತಕ ಕಟ್ಟುವವರು ಮಾಡುವಂತೆ ಸರಿ ಕಾಯಿಸುವಾಗಲೇ ಚಿಟಿಕೆ ಮೈಲುತುತ್ತ ಬೆರೆಸುವವರೂ ಇದ್ದಾರೆ. ಅದು ವಿಷ, ಚಿಕ್ಕ ಮಕ್ಕಳು ಕಾಗದ ಅಂಟಿಸಲು ಕೂರುವ ಮನೆಗೆ ಬರಿಯ ಮೈದಾ ಸರಿಯೇ ಸಾಕು.